ಹುದಾಯಿಯವರ ತೆಕ್ಕೆಯಲ್ಲಿ

ಸೂಫಿಗಳು ಕೂಡಿ ಝಿಕ್ರ್, ಅಂದರೆ ಅಲ್ಲಾಹನ ನಾಮಸ್ಮರಣೆ, ನಡೆಸುವ ಠಾವನ್ನು ನಮ್ಮಲ್ಲಿ ಖಾನ್ಖಾ ಎನ್ನುತ್ತೇವೆ. ತುರ್ಕಿಯವರು ತೆಕ್ಕೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ಕನ್ನಡದ ತೆಕ್ಕೆ, ಅತ್ತ ಮಗುವನ್ನು ತಾಯಿ ಎಳೆದುಕೊಳ್ಳುವ ತೆಕ್ಕೆ. ಎರಡು ಪದಗಳಿಗೂ ನಂಟಿಲ್ಲ, ಬಲ್ಲೆ. ಆದರೆ ಉಸ್ಕುದಾರಿನ ಆ ಏರು ಹತ್ತಿ ಇಳಿದ ಮೇಲೆ ನನ್ನ ಮನಸ್ಸಿನಲ್ಲಿ ಅವು ಬೇರೆಯಾಗಿ ಉಳಿದಿಲ್ಲ.

ಇಸ್ತಾಂಬುಲ್‌ನ ಯುರೋಪ್ ದಡದಿಂದ ಹಡಗಿನಲ್ಲಿ ಬಾಸ್ಫರಸ್ ದಾಟಿದರೆ ಉಸ್ಕುದಾರ್. ಮನೆಗಳ ನಡುವಿನ ಓಣಿಯಲ್ಲಿ ಏದುಸಿರು ಬಿಡುತ್ತಾ ಮೇಲೇರಿದರೆ ಸೂಫಿ ಸಂತ ಅಜೀಜ್ ಮಹಮೂದ್ ಹುದಾಯಿಯವರ ಮಸೀದಿ, ಪಕ್ಕದಲ್ಲೇ ಅವರ ಸಮಾಧಿ. ಸುಲ್ತಾನರ ಮಹಾಗುಮ್ಮಟಗಳ ಊರಿನಲ್ಲಿ ಇದು ಕೇರಿಯ ಮಸೀದಿ. 1589ರಲ್ಲಿ ಅವರು ಈ ಜಾಗ ಕೊಂಡರು, 1595ರ ಹೊತ್ತಿಗೆ ತೆಕ್ಕೆ ಎದ್ದು ನಿಂತಿತು.

ಅದಕ್ಕೂ ಮೊದಲು ಅವರು ಬೂರ್ಸಾ ನಗರದಲ್ಲಿ ಮದರಸಾದ ಗುರು, ನ್ಯಾಯಪೀಠದಲ್ಲಿ ಕೂತು ತೀರ್ಪು ಕೊಡುತ್ತಿದ್ದವರು. ಶೇಖ್ ಉಫ್ತಾದೆಯವರ ಬಳಿ ಮುರೀದನಾಗಲು, ಶಿಷ್ಯನಾಗಲು, ಹೋದಾಗ ಗುರು ಹೇಳಿದರಂತೆ: ಕಾಜಿಯ ನಿಲುವಂಗಿಯಲ್ಲೇ ಬೀದಿ ಬೀದಿ ತಿರುಗಿ ಕುರಿಯ ಕಲೇಜಿ ಮಾರಿಕೊಂಡು ಬಾ. ಮಾರಿದರು. ನಿನ್ನೆಯವರೆಗೆ ಎದ್ದು ನಿಂತು ಸಲಾಂ ಮಾಡುತ್ತಿದ್ದವರ ಎದುರಿಗೇ, ರಕ್ತ ಸೋರುವ ಮಾಂಸ ಹೊತ್ತು, ದನಿಯೆತ್ತಿ ಕೂಗಿದರು. ಮೊದಲ ಕೂಗು ಗಂಟಲಿನಿಂದ ಹೇಗೆ ಹೊರಟಿತೋ ಎಂದು ನೆನೆದರೆ ನನ್ನ ಕಣ್ಣು ತುಂಬುತ್ತದೆ.

ಹೂವಿನ ಕಥೆ ನನಗೆ ಇನ್ನೂ ಹತ್ತಿರದ್ದು. ಶಿಷ್ಯರೆಲ್ಲ ಗುರುಗಳಿಗಾಗಿ ಹೂ ಕೊಯ್ಯಲು ಹೋದರು. ಒಬ್ಬೊಬ್ಬರೂ ಅರಳಿದ ಹೂಗಳ ಗೊಂಚಲು ತಂದರು. ಮಹಮೂದರ ಕೈಯಲ್ಲಿ ಮಾತ್ರ ತೊಟ್ಟು ಮುರಿದು ಬಾಡಿದ ಒಂದೇ ಹೂವು. ಯಾಕೆಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದರಂತೆ: ಯಾವ ಹೂವಿಗೆ ಕೈ ಚಾಚಿದರೂ ಅದು ಅಲ್ಲಾಹನ ನಾಮದಲ್ಲಿ ಮುಳುಗಿತ್ತು, ಝಿಕ್ರ್ ಮುರಿಯಲು ಮನಸ್ಸಾಗಲಿಲ್ಲ. ಇದೊಂದು ಮಾತ್ರ ಸುಮ್ಮನಾಗಿತ್ತು.

ಮುಂದೆ ಆಟೊಮನ್ ಸುಲ್ತಾನ್ ಒಂದನೆಯ ಅಹ್ಮದ್ ಇವರನ್ನು ಗುರುವೆಂದು ಗೌರವಿಸಿದ. 1628ರಲ್ಲಿ ಹುದಾಯಿ ತೀರಿಕೊಂಡು ಇಲ್ಲೇ ಮಣ್ಣಾದರು. 1850ರ ಬೆಂಕಿಯಲ್ಲಿ ಕಟ್ಟಡಗಳು ಸುಟ್ಟವು. ಸುಲ್ತಾನ್ ಅಬ್ದುಲ್ ಮಜೀದ್ 1855ರಲ್ಲಿ ಮತ್ತೆ ಕಟ್ಟಿಸಿದ. 1925ರಲ್ಲಿ ತುರ್ಕಿ ಗಣರಾಜ್ಯ ತೆಕ್ಕೆಗಳಿಗೆಲ್ಲ ಬೀಗ ಹಾಕಿತು. ಜನರ ಬರವು ಮಾತ್ರ ನಿಲ್ಲಲಿಲ್ಲ.

ಅವರನ್ನು ಕರೆತರುವುದು ಹುದಾಯಿಯವರ ಒಂದು ದುಆ, ಒಂದು ಪ್ರಾರ್ಥನೆ. ನಾವಿದ್ದಾಗ ನಮ್ಮನ್ನು ಕಾಣಲು ಬಂದವರು, ಹೋದ ಮೇಲೆ ಸಮಾಧಿಗೆ ಬಂದವರು, ಬಾಗಿಲ ಮುಂದೆ ಹಾದುಹೋಗುವಾಗ ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ ಒಮ್ಮೆ ಓದಿದವರು, ಎಲ್ಲರೂ ನಮ್ಮವರು. ಅವರು ಕಡಲಲ್ಲಿ ಮುಳುಗದಿರಲಿ, ಮುಪ್ಪಿನಲ್ಲಿ ಬಡತನ ಕಾಣದಿರಲಿ, ಈಮಾನ್, ಅಂದರೆ ದೇವರಲ್ಲಿಟ್ಟ ನಂಬಿಕೆ, ಕಳೆದುಕೊಂಡು ಲೋಕ ಬಿಡದಿರಲಿ. ದೋಣಿಯವರ ಊರಿನ ಪೀರರು ಮೊದಲು ಬೇಡಿದ್ದು ಕಡಲಿನಿಂದ ಕಾಪಾಡು ಎಂದು!

ಸಮಾಧಿಯ ಬಳಿ ನನ್ನ ಪಕ್ಕ ನಿಂತಿದ್ದ ಮುದುಕಿ ಬೊಗಸೆಯೊಡ್ಡಿ ತುಟಿಯಾಡಿಸುತ್ತಿದ್ದರು. ಅವರ ತುರ್ಕಿ ನನಗೆ ಬಾರದು, ನನ್ನ ಕನ್ನಡ ಅವರಿಗೆ ತಿಳಿಯದು. ಫಾತಿಹಾ ಇಬ್ಬರಿಗೂ ಬರುತ್ತಿತ್ತು. ಮುಗಿಸಿ ಮುಖ ಸವರಿಕೊಂಡು ಅವರು ತಮ್ಮ ಚೀಲದಿಂದ ಒಂದು ಸಕ್ಕರೆ ಮಿಠಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿದರು.