ಯಾರನ್ನು ದಂಡಿಸುವುದು?

ಇಂದು ಕ್ಷೌರದಂಗಡಿಯ ಟಿವಿಯಲ್ಲಿ ಜೈಲಿನ ಸುದ್ದಿ. "ಚಪಾತಿ, ಕೋಳಿ ಸಾರು ಬೇರೆ ಕೇಡು ಇವರಿಗೆ! ಮುದ್ದೆ ಮುರಿದು ಕಲ್ಲು ಒಡೆಯಲಿ" ಎಂದು ಹಿರಿಯರೊಬ್ಬರು ಸಿಡುಕಿದರು. ಕತ್ತರಿ ಹಿಡಿದವನೂ ತಲೆಯಾಡಿಸಿದ.

ನನಗೆ ಸುಮ್ಮನಿರಲಾಗಲಿಲ್ಲ.

"ಯಜಮಾನರೇ, ಒಳಗಿರುವ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತೇ ಆಗಿಲ್ಲ" ಎಂದೆ. 2022ರ ಕೊನೆಗೆ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ವಿಚಾರಣಾಧೀನರು. ಜಾಮೀನಿಗೆ ಶ್ಯೂರಿಟಿ ಸಿಗದೆ ಕೊಳೆಯುವವರೂ ಅದರಲ್ಲಿದ್ದಾರೆ.

"ಕೊಲೆಯಾದವನ ಮನೆಯವರಿಗೆ ಏನು ಹೇಳುತ್ತೀರಿ?" ಎಂದರು. ನ್ಯಾಯವಾದ ಪ್ರಶ್ನೆ. ಅವರಿಗೆ ಬೇಗ ತೀರ್ಪು ಬೇಕು, ಪರಿಹಾರ ಬೇಕು. ಕೈದಿಯ ಹಸಿವಿನಿಂದ ಅವರಿಗೆ ಎರಡೂ ಸಿಗುವುದಿಲ್ಲ.

ಶಿಕ್ಷೆಯಾದವರೂ ಬಹುತೇಕ ಒಂದು ದಿನ ನಮ್ಮ ಬೀದಿಗೇ ಮರಳುತ್ತಾರೆ. ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿ ಅಂಥವರಿಗೇ ಬಣ್ಣ ಹಚ್ಚಿ ರಂಗದ ಮೇಲೆ ನಿಲ್ಲಿಸಿದರು. ಜೀವಾವಧಿ ಕೈದಿಗಳು ಮಾತು ಬಾಯಿಪಾಠ ಮಾಡಿ ನಾಟಕವಾಡಿದರು. ಪ್ರತಿ ಜೈಲಿನಲ್ಲೂ ಇಂಥದ್ದೊಂದು ಕೆಲಸ ನಡೆಯಬೇಕು ಎಂಬುದು ನನ್ನ ಆಸೆ.