ಕಾಡುಕುರಿಗಳ ಕ್ಯಾಲೆಂಡರ್ ನೋಡಿ ಬೆಟ್ಟಕ್ಕೆ

ಪಾಪಾಸುಕಳ್ಳಿ, ಹಿಮ ಎರಡನ್ನೂ ಒಂದೇ ದಿನ ನೋಡಬೇಕಾ? ಹಾಗಾದರೆ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ಗೆ ಹೋಗಿ. ಊರಿನ ಬೆನ್ನಿಗೇ ಸ್ಯಾನ್ ಜಸಿಂಟೊ ಬೆಟ್ಟ, 10,834 ಅಡಿ ಎತ್ತರ. ದಕ್ಷಿಣಕ್ಕೆ ಸಾಂಟಾ ರೋಸಾ ಸಾಲು. ಇವೆರಡರ ಸುಮಾರು 2.8 ಲಕ್ಷ ಎಕರೆ ಜಾಗವನ್ನು ಅಮೆರಿಕದ ಕಾಂಗ್ರೆಸ್ 2000ದಲ್ಲಿ ನ್ಯಾಷನಲ್ ಮಾನ್ಯುಮೆಂಟ್, ಅಂದರೆ ಸಂರಕ್ಷಿತ ತಾಣ ಎಂದು ಘೋಷಿಸಿತು. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗೋಣ ಅಂದುಕೊಂಡೆ.

ಹೋಗೋದು ಸುಲಭ, ಪ್ಲಾನ್ ಮಾಡೋದು ತಲೆನೋವು. ಇಲ್ಲಿ ಒಂದು ಮುಖ್ಯ ಗೇಟು, ಒಂದು ಟಿಕೆಟ್ ಅಂತ ಇಲ್ಲ. ತಪ್ಪಲಿನ ಮರುಭೂಮಿ ಹೆಚ್ಚಾಗಿ ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಕೈಯಲ್ಲಿದೆ. ಮೇಲಿನ ಪೈನ್ ಕಾಡು ಫಾರೆಸ್ಟ್ ಸರ್ವಿಸ್‌ನದು. ಶಿಖರದ ಸುತ್ತ ರಾಜ್ಯ ಸರ್ಕಾರದ ಪಾರ್ಕ್. ತಾಳೆ ಮರಗಳ ಕಣಿವೆಗಳು ಅಗುವಾ ಕಾಲಿಯೆಂಟೆ ಬುಡಕಟ್ಟಿನವರ ಸ್ವಂತ ನೆಲ, ಅಲ್ಲಿನ ಪ್ರವೇಶ ಶುಲ್ಕ ಅವರಿಗೇ ಹೋಗುತ್ತದೆ. ಹಾಗಾಗಿ ಎಲ್ಲಿ ನಡೀಬೇಕು ಅಂತ ಮೊದಲು ನಿರ್ಧರಿಸಿ, ಆ ದಾರಿ ಯಾರದ್ದು ಅಂತ ನೋಡಿ, ಆಮೇಲೆ ಅವರ ನಿಯಮ ಓದಬೇಕು.

ಇದೆಲ್ಲಕ್ಕಿಂತ ದೊಡ್ಡ ಯಜಮಾನರು ಇನ್ನೊಬ್ಬರಿದ್ದಾರೆ. ಬಿಗ್‌ಹಾರ್ನ್ ಕಾಡುಕುರಿಗಳು. ಇಲ್ಲಿನ ಕುರಿಗಳನ್ನು 1998ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಇವು ಎತ್ತರದ ಪೈನ್ ಕಾಡಿಗೆ ಹೋಗುವುದಿಲ್ಲ. ಕೆಳಗಿನ ಬೋಳು ಇಳಿಜಾರೇ ಇವುಗಳ ಮನೆ. ನಮ್ಮಂಥವರು ಚಾರಣಕ್ಕೆ ಬರೋದೂ ಅಲ್ಲಿಗೇ! ಅದೂ ಹವೆ ತಂಪಾಗಿರುವ ಕಾಲದಲ್ಲೇ. ಕುರಿ ಮರಿ ಹಾಕೋದೂ ಆಗಲೇ. ಪಕ್ಕದ ಪಾಮ್ ಡೆಸರ್ಟ್ ಊರಿನ ಜನಪ್ರಿಯ 'ಬಂಪ್ ಆ್ಯಂಡ್ ಗ್ರೈಂಡ್' ದಾರಿಯ ಮೇಲ್ತುದಿಯನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮುಚ್ಚುತ್ತಾರೆ. ಹಲವು ದಾರಿಗಳಿಗೆ ನಾಯಿ ಕರೆತರುವಂತಿಲ್ಲ. ಹಗ್ಗ ಕಟ್ಟಿದ್ದರೂ ಅಷ್ಟೇ, ಕುರಿಯ ಕಣ್ಣಿಗೆ ನಾಯಿ ಅಂದರೆ ತೋಳದ ಜಾತಿ. ಈ ನಿಯಮಗಳ ಬಗ್ಗೆ ಗೊಣಗುವವರು ಜಾಸ್ತಿ. ನನಗೆ ಮಾತ್ರ ಸರಿ ಅನಿಸಿತು. ಗಾಲ್ಫ್ ಮೈದಾನ, ರೆಸಾರ್ಟ್ ಎಲ್ಲ ಬೆಟ್ಟದ ಬುಡದವರೆಗೂ ಬಂದು ಕೂತಿವೆ. ವರ್ಷಕ್ಕೆ ಮೂರು ತಿಂಗಳು ನಾವು ಬೇರೆ ದಾರಿ ಹಿಡಿದರೆ ಏನು ನಷ್ಟ?

ನಾವು ಹಿಡಿದದ್ದು ಪಾಮ್ ಕ್ಯಾನಿಯನ್ ದಾರಿ. ಸುತ್ತ ಸುಟ್ಟಂಥ ಬಂಡೆ, ಕೆಳಗೆ ಇಳಿದರೆ ತೊರೆ, ದಂಡೆಯಲ್ಲಿ ಸಾಲುಸಾಲು ಫ್ಯಾನ್ ಪಾಮ್. ಕ್ಯಾಲಿಫೋರ್ನಿಯಾದಲ್ಲಿ ತಾನಾಗಿ ಬೆಳೆಯುವ ತಾಳೆ ಇದೊಂದೇ. ಒಣಗಿದ ಗರಿ ಉದುರುವುದಿಲ್ಲ, ಕಾಂಡದ ಸುತ್ತ ಲಂಗದ ಹಾಗೆ ಇಳಿಬಿದ್ದಿರುತ್ತದೆ. ಮಂಡಿ ನೋವಿನ ಅಮ್ಮ ಅರ್ಧ ಗಂಟೆ ಅಂತ ಇಳಿದವರು ಮೇಲೆ ಬರಲು ಒಪ್ಪಲಿಲ್ಲ. "ಇಷ್ಟೊಂದು ಗರಿ! ನಮ್ಮ ಕಡೆ ಆಗಿದ್ರೆ ಪೊರಕೆ ಮಾಡಿ ಮುಗಿಸಿರೋರು ಕಣೋ" ಅಂದರು. ಕುರಿ ಮಾತ್ರ ಕಾಣಲಿಲ್ಲ. ಅಪ್ಪ ದುರ್ಬೀನು ಹಿಡಿದು ಬಂಡೆಗಳನ್ನೆಲ್ಲ ಎಣಿಸಿದ್ದೇ ಬಂತು.

ಮರುದಿನ ಟ್ರಾಮ್. 1963ರಿಂದ ಓಡುತ್ತಿರುವ ಈ ತೂಗುಬಂಡಿ 2,643 ಅಡಿಯಿಂದ 8,516 ಅಡಿಗೆ ಹತ್ತೇ ನಿಮಿಷದಲ್ಲಿ ಏರುತ್ತದೆ. ಒಳಗಿನ ನೆಲ ನಿಧಾನಕ್ಕೆ ತಿರುಗುತ್ತದೆ, ಹಾಗಾಗಿ ಕಿಟಕಿ ಸೀಟಿಗೆ ಜಗಳ ಬೇಡ. ಕೆಳಗೆ ಟೀ ಶರ್ಟ್ ಹವೆ, ಮೇಲೆ ಮೊಣಕಾಲುದ್ದ ಹಿಮ. ಸ್ವೆಟರ್ ಒಯ್ಯದೆ ಹೋದರೆ ಗಿಫ್ಟ್ ಅಂಗಡಿಯವರಿಗೆ ಲಾಭ. ಪೆಸಿಫಿಕ್ ಕಡೆಯಿಂದ ಬರುವ ಮೋಡಗಳ ನೀರನ್ನೆಲ್ಲ ಈ ಬೆಟ್ಟವೇ ಹಿಂಡಿಕೊಳ್ಳುತ್ತದೆ. ಕೆಳಗಿನ ಕೋಚೆಲ್ಲಾ ಕಣಿವೆ ಅದಕ್ಕೇ ಮರುಭೂಮಿ. ಮೇಲೆ ನಿಂತು ನೋಡಿದಾಗ ಅಪ್ಪನಿಗೆ ಇದನ್ನು ಹೇಳೋದೇ ಬೇಕಾಗಲಿಲ್ಲ. ಒಂದು ಕಡೆ ಪೈನ್, ಇನ್ನೊಂದು ಕಡೆ ಬರೀ ಮರಳು.

ವಾಪಸ್ ಬರುವಾಗ ಹೈವೇ 74 ಹಿಡಿದೆವು. ತಿರುವು ಆಗುಂಬೆಯದೇ, ಕಾಡು ಮಾತ್ರ ಇಲ್ಲ.

ನೀವು ಹೋಗುವುದಾದರೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ಬೇಸಿಗೆಯಲ್ಲಿ ತಪ್ಪಲಿನ ಬಿಸಿಲು 45 ಡಿಗ್ರಿ ದಾಟುತ್ತದೆ, ಆಗ ಅಲ್ಲಿ ನಡೆಯೋದು ಶೌರ್ಯ ಅಲ್ಲ, ಮೂರ್ಖತನ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಒಂದು ಬಾಚಣಿಗೆಯೂ ಇರಲಿ. ಚೋಯಾ ಕಳ್ಳಿ ಸ್ವಲ್ಪ ತಾಕಿದರೂ ಒಂದು ತುಂಡೇ ಬಟ್ಟೆಗೆ ಅಂಟುತ್ತದೆ, ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆ ತೂರಿಸಿ ಎಗರಿಸಬೇಕು.

ಅಪ್ಪನಿಗೆ ಈಗ ಶಿಖರದ ಹುಚ್ಚು. ಮೇಲಿನ ಟ್ರಾಮ್ ನಿಲ್ದಾಣದಿಂದ ಹೋಗಿ ಬರಲು ಸುಮಾರು 11 ಮೈಲಿ. ಲಾಂಗ್ ವ್ಯಾಲಿ ರೇಂಜರ್ ಕಚೇರಿಯಲ್ಲಿ ಅವತ್ತಿನ ಪರ್ಮಿಟ್ ಪುಕ್ಕಟೆ ಸಿಗುತ್ತದೆ. ಹಿಮ ಕರಗಲಿ, ಜೂನ್‌ನಲ್ಲಿ ಹೋಗೋಣ ಅಂದೆ. "ನೀವಿಬ್ಬರೂ ಹೋಗಿ ಬನ್ನಿ, ನಾನು ಕೆಳಗೆ ಖರ್ಜೂರದ ಅಂಗಡಿಯಲ್ಲಿ ಕೂತಿರ್ತೀನಿ" ಅಂದರು ಅಮ್ಮ.