ಎರಡೇ ದಿನದ ಮುಟ್ಟು

ನನ್ನ ಮುಟ್ಟು ಎರಡೇ ದಿನಕ್ಕೆ ಮುಗಿಯುತ್ತಿತ್ತು. ಬರಬರುತ್ತಾ ಒಂದೇ ದಿನ, ಅದೂ ಬರೀ ಕಲೆಯಷ್ಟು. ಡೊಂಬಿವಲಿಯಿಂದ ದಾದರಿಗೆ ದಿನಾ ಮುಂಬೈ ಲೋಕಲ್ ರೈಲಿನಲ್ಲಿ ನಿಂತು ಹೋಗುವವಳಿಗೆ ಇದಕ್ಕಿಂತ ಪುಣ್ಯ ಬೇಕಾ? ಲೇಡೀಸ್ ಡಬ್ಬಿಯ ಗೆಳತಿಯರಿಗೆ ಹೊಟ್ಟೆಕಿಚ್ಚು.

ಮದುವೆಯಾಗಿ ನಾಲ್ಕು ವರ್ಷವಾದರೂ ಬಸಿರಾಗಲಿಲ್ಲ. ಕಾರ್ಕಳದಿಂದ ಅತ್ತೆಯ ಫೋನ್ ಬಂದರೆ ಮಳೆ, ಅಡಿಕೆ, ಪಕ್ಕದ ಮನೆಯ ದನ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ: "ಮತ್ತೆ, ವಿಶೇಷ ಏನಾದ್ರೂ ಉಂಟಾ?"

ಒಂದು ಕ್ಲಿನಿಕ್‌ನಲ್ಲಿ ಎರಡು ವರ್ಷ ಮಾತ್ರೆ, ಇಂಜೆಕ್ಷನ್ ಆಯಿತು. ಮುಟ್ಟು ಎಷ್ಟು ದಿನ ಅಂತ ಅಲ್ಲೂ ಕೇಳಿದ್ದರು. ಬರೆದುಕೊಂಡು ಸುಮ್ಮನಾದರು. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಎರಡನೇ ಡಾಕ್ಟರ್ ಅದೇ ಉತ್ತರ ಕೇಳಿ ಪೆನ್ ಕೆಳಗಿಟ್ಟರು. "ಮೊದಲಿಂದ ಹೀಗೇನಾ? ಮನೆಯಲ್ಲಿ ಯಾರಿಗಾದ್ರೂ ಕಾಕ್ಸ್ ಆಗಿತ್ತಾ?" ಇಲ್ಲಿ ಎಷ್ಟೋ ಡಾಕ್ಟರುಗಳು ಟಿಬಿ ಅನ್ನಲು ಹಿಂಜರಿದು ಕಾಕ್ಸ್ ಅನ್ನುತ್ತಾರೆ. 1882ರಲ್ಲಿ ಆ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರು. ಅಜ್ಜನಿಗೆ ಆಗಿತ್ತು. ಚಿಕ್ಕವಳಿದ್ದಾಗ ಅವರ ಪಕ್ಕದಲ್ಲೇ ಮಲಗುತ್ತಿದ್ದೆ. ಅವರಿಂದಲೇ ಬಂತೋ, ಈ ರೈಲಿನಲ್ಲೋ, ಯಾರು ಹೇಳುತ್ತಾರೆ? ಉಸಿರಲ್ಲಿ ಹೋದದ್ದು ವರ್ಷಗಟ್ಟಲೆ ಮಲಗಿದ್ದು ರಕ್ತದ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದಂತೆ. ಹೆಂಗಸರಲ್ಲಿ ಅದು ಜಾಸ್ತಿ ಹಿಡಿಯುವುದು ಅಂಡಾಣು ಗರ್ಭಕೋಶಕ್ಕೆ ಬರುವ ಗರ್ಭನಾಳವನ್ನು. ಗರ್ಭಕೋಶದ ಒಳಪದರಕ್ಕೂ ತಗುಲಿದರೆ ಮುಟ್ಟು ಕಡಿಮೆಯಾಗುತ್ತದಂತೆ. ನನಗೆ ಒಂದು ದಿನ ಕೆಮ್ಮಿಲ್ಲ, ಜ್ವರವಿಲ್ಲ.

ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ಒಳಗೆ ನೋಡುವ ಲ್ಯಾಪ್ರೊಸ್ಕೋಪಿಯನ್ನೂ ಮಾಡಿದರು. ಆಮೇಲೆ ಡಾಕ್ಟರ್ ಫೋಟೋ ತೋರಿಸಿದರು. ನುಣ್ಣಗಿರಬೇಕಾದ ನಾಳ ಗಂಟುಗಂಟಾಗಿ ಮಣಿ ಪೋಣಿಸಿದ ಹಾಗಿತ್ತು. ಸುತ್ತ ಸಾಬುದಾನಿಯಂಥ ಬಿಳಿ ಚುಕ್ಕೆಗಳು. ಅವತ್ತಿನಿಂದ ಸಾಬುದಾನಿ ಖಿಚಡಿ ನನಗೆ ಸೇರುವುದಿಲ್ಲ.

ಟಿಬಿಯೇ ಆಗಿತ್ತು. ಔಷಧಿ ಆರು ತಿಂಗಳು, ಸರ್ಕಾರದಿಂದ ಪುಕ್ಕಟೆ. ಊಟಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಖಾತೆಗೆ ಬರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಮೂರು ಮಾತ್ರೆ, ನನ್ನ 48 ಕೆಜಿ ತೂಕಕ್ಕೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣ ಕಂಡು ಬಾತ್‌ರೂಮಿನಿಂದಲೇ ಇವರನ್ನು ಕೂಗಿದ್ದೆ. ಆ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಕೆಲಸ ಅದು, ಹೆದರಬೇಡಿ. ಮೊದಲ ಎರಡು ತಿಂಗಳು ಬಾಯಿಗೆ ರುಚಿಯೇ ಇರಲಿಲ್ಲ.

"ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅನ್ನು" ಅಂದರು ಇವರು. ಶ್ವಾಸಕೋಶದಲ್ಲಿ ಟಿಬಿ ಇಲ್ಲದ್ದರಿಂದ ನನ್ನಿಂದ ಕೆಮ್ಮಿನಲ್ಲಿ ಹರಡುವ ಭಯವಿರಲಿಲ್ಲ. ಆದರೂ ನಾನೂ ಬಿಲ್ಡಿಂಗ್ ತುಂಬಾ ಥೈರಾಯ್ಡ್ ಅಂತಲೇ ಹೇಳಿಕೊಂಡು ತಿರುಗಿದೆ.

ಕೋರ್ಸ್ ಮುಗಿಯಿತು. ರೋಗ ಹೋಯಿತು, ಮುಚ್ಚಿದ ನಾಳ ತೆರೆಯಲಿಲ್ಲ. ಔಷಧಿ ಕ್ರಿಮಿಯನ್ನು ಕೊಲ್ಲುತ್ತದೆ, ಆದ ಗಾಯದ ಕಲೆಯನ್ನು ಅಳಿಸುವುದಿಲ್ಲ ಅಂದರು ಡಾಕ್ಟರ್. ಇನ್ನು ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವುದು. ಅದಕ್ಕೂ ಗರ್ಭಕೋಶದ ಒಳಪದರ ಚೆನ್ನಾಗಿರಬೇಕು. ಹೋದ ತಿಂಗಳು ಮುಟ್ಟು ಮೂರು ದಿನ ಇತ್ತು. ಲೋಕಲ್‌ನಲ್ಲಿ ಕಾಲು ನೋಯುತ್ತಿದ್ದರೂ ಒಳಗೊಳಗೇ ಖುಷಿ.

ಕಳೆದ ಭಾನುವಾರ ಅತ್ತೆ ಕೇಳುವ ಮೊದಲೇ ಹೇಳಿಬಿಟ್ಟೆ, "ನಂಗೆ ಗರ್ಭಕೋಶದ ಟಿಬಿ ಆಗಿತ್ತು ಅತ್ತೆ." ಆ ಕಡೆ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ಮಾತ್ರೆ ಎಲ್ಲ ಸರಿಯಾಗಿ ತಗೊಂಡಿಯಲ್ಲ?" ಅಂದರು ಆಮೇಲೆ. ನಿನ್ನೆ ಊರಿನ ಬಸ್ಸಿನಲ್ಲಿ ಒಂದು ಚೀಲ ಬಂದಿದೆ. ಹುರುಳಿ, ಕುಚ್ಚಲಕ್ಕಿ, ಒಂದು ಬಾಟಲಿ ತುಪ್ಪ.